ಹಿತ್ತಾಳೆ ಪಾತ್ರೆಯ ಹಾಲು, ಮಕ್ಕಳ ಸಿರೋಸಿಸ್: ಟ್ಯಾನರ್ ಮತ್ತು ಪುಣೆ ವೈದ್ಯರ ಪ್ರಬಂಧಗಳನ್ನು ಹೇಗೆ ಓದಬೇಕು?

ಅಂಕಣಬರಹ ಕೇಳಿದ ಪ್ರಶ್ನೆ (ಕೆಳಗಿನ ಪಿತ್ತನಾಳ, ಅಂಗಾಂಶ, ಎರಡನೇ_ಓದು, ಕಂಚುಗಾರ ಇವು ಉತ್ತರಿಸಿದವರ ಅಡ್ಡಹೆಸರುಗಳು)

ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಎರಡು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಮೇಲುಹಾಲು (ಎದೆಹಾಲಲ್ಲದ ಹಾಲು) ಹಾಕುವ ಮನೆಗಳಲ್ಲಿ ಮಗುವಿನ ಹಾಲಿಗೆ ಯಾವ ಪಾತ್ರೆ ಆಗಬಹುದು, ಯಾವುದು ಕೂಡದು ಎಂಬುದು ಅದರಲ್ಲೊಂದು ಭಾಗ. ತಾಮ್ರ, ಹಿತ್ತಾಳೆ ಮತ್ತೆ ಅಡುಗೆಮನೆಗೆ ಬರುತ್ತಿರುವ ಕಾಲವಾದ್ದರಿಂದ ಈ ಭಾಗ ಬಿಡುವಂತಿಲ್ಲ.

ಆಧಾರಕ್ಕೆ ಇಟ್ಟುಕೊಂಡಿರುವುದು ಬ್ರಿಟನ್ನಿನ ಮಕ್ಕಳ ಲಿವರ್ ತಜ್ಞ ಸ್ಟೂವರ್ಟ್ ಟ್ಯಾನರ್ ಹಾಗೂ ಪುಣೆಯ ಕೆಇಎಂ ಆಸ್ಪತ್ರೆಯ ಶೀಲಾ ಭಾವೆ, ಆನಂದ್ ಪಂಡಿತ್ ಇವರು ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ (ಎಳೆಯ ಮಕ್ಕಳ ಲಿವರ್ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ; ಮುಂದೆ ಐಸಿಸಿ ಎನ್ನುತ್ತೇನೆ, ಕ್ರಿಕೆಟ್ಟಿನದಲ್ಲ) ಕುರಿತು 1979ರಿಂದ ಸುಮಾರು ಇಪ್ಪತ್ತು ವರ್ಷ ಪ್ರಕಟಿಸಿದ ಪ್ರಬಂಧಗಳು. ಓದುತ್ತಾ ಹೋದಂತೆ ನಾಲ್ಕು ಕಡೆ ತೊಡಕಾಗಿದೆ.

ಮಕ್ಕಳ ಲಿವರ್‌ನಲ್ಲಿ ಸಿಕ್ಕ ತಾಮ್ರ ಕಾಯಿಲೆಗೆ ಕಾರಣವೋ, ಲಿವರ್ ಕೆಟ್ಟಮೇಲೆ ಹೊರಹೋಗಲಾರದೆ ಅಲ್ಲೇ ಉಳಿದದ್ದೋ? ಅದೇ ಪಾತ್ರೆಯ ಹಾಲು ಕುಡಿದ ಮನೆಯ ಬೇರೆಯವರಿಗೆ ಏನೂ ಆಗಲಿಲ್ಲವೇಕೆ? ಕಲಾಯಿ (ಒಳಮೈಗೆ ತವರದ ಲೇಪ) ಹಾಕಿಸಿದ ಪಾತ್ರೆ ಸಾಕೇ? ಇನ್ನೊಂದು, ಇದನ್ನು ಎಲ್ಲರೂ ಕೇಳಿಯೇ ಕೇಳುತ್ತಾರೆ: ತಾಮ್ರದ ಚೊಂಬಿನ ನೀರು ಕುಡಿಯಬಹುದೋ ಬೇಡವೋ?

ಪ್ರಬಂಧ ಓದಿದವರು ಉತ್ತರಿಸಿದರೆ ಉಪಕಾರ.

ಪಿತ್ತನಾಳ

ಈ ಪ್ರಬಂಧಗಳನ್ನು ಒಂದೊಂದಾಗಿ ತೆಗೆದುಕೊಂಡರೆ ಯಾವುದೂ ಏನನ್ನೂ ಸಾಧಿಸುವುದಿಲ್ಲ. ಸಾಲಾಗಿ ಇಟ್ಟು ಓದಬೇಕು.

ಕಾಯಿಲೆ ಹೊಸದಲ್ಲ. 1887ರಲ್ಲೇ ಕಲ್ಕತ್ತದಿಂದ ಇದರ ವರದಿ ಬಂದಿತ್ತು. ಆಮೇಲೆ ಸುಮಾರು ತೊಂಬತ್ತು ವರ್ಷ ಅಪೌಷ್ಟಿಕತೆ, ವೈರಸ್, ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ), ರಕ್ತಸಂಬಂಧದ ಮದುವೆ ಎಂದು ಒಂದಾದ ಮೇಲೊಂದು ಅನುಮಾನ ಬಂದು ಹೋದವು. ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದ ಮಕ್ಕಳು. ಹೊಟ್ಟೆ ಉಬ್ಬುವುದು, ಕಿರಿಕಿರಿ, ಸಣ್ಣ ಜ್ವರ. ಕೈಗೆ ಸಿಗುವ ಲಿವರ್ ಗಟ್ಟಿಯಾಗಿ, ಅಂಚು ಚೂಪಾಗಿ ಇರುತ್ತದೆ. ಕಾಮಾಲೆ ಬರುವುದು ತಡವಾಗಿ. ಅದು ಬಂದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಉಳಿಯುತ್ತಿದ್ದ ಮಕ್ಕಳು ತೀರಾ ಕಡಿಮೆ.

1979ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತಂಡದ ಜೊತೆ ಟ್ಯಾನರ್ ಮತ್ತು ಪಂಡಿತ್ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ್ದು ಅಳತೆಯನ್ನು ಮಾತ್ರ: ಈ ಮಕ್ಕಳ ಲಿವರ್‌ನಲ್ಲಿ ವಿಪರೀತ ತಾಮ್ರವಿದೆ. 1983ರ ‘ಲ್ಯಾನ್ಸೆಟ್’ ಪ್ರಬಂಧ ಒಂದು ಹೆಜ್ಜೆ ಮುಂದೆ ಹೋಗಿ, ಎಳೆಯ ವಯಸ್ಸಿನಲ್ಲೇ ತಾಮ್ರ ಬೆರೆತ ಪ್ರಾಣಿಹಾಲು ಕೊಟ್ಟಿದ್ದು ಕಾರಣ ಇರಬಹುದು ಎಂದಿತು. ಶೀರ್ಷಿಕೆಯಲ್ಲೇ ‘ಇರಬಹುದಾದ ಕಾರಣ’ ಎಂದಿದೆ, ಗಮನಿಸಿ. 1987ರಲ್ಲಿ ಕಾಯಿಲೆಯ ಮಕ್ಕಳನ್ನೂ ಜೋಡಿ ಆರೋಗ್ಯವಂತ ಮಕ್ಕಳನ್ನೂ ಹೋಲಿಸಿ, ಯಾವಾಗ ಮೇಲುಹಾಲು ಶುರುವಾಯಿತು, ಯಾವ ಪಾತ್ರೆಯಲ್ಲಿ ಕಾಯಿಸಿದರು ಎಂದು ವಿಚಾರಿಸಿದರು. 1989ರಲ್ಲಿ ಓನೀಲ್ ಮತ್ತು ಟ್ಯಾನರ್ ಹಿತ್ತಾಳೆಯಿಂದ ಹಾಲಿಗೆ ತಾಮ್ರ ಹೇಗೆ ಇಳಿಯುತ್ತದೆಂದು ಪ್ರಯೋಗಶಾಲೆಯಲ್ಲಿ ನೋಡಿದರು. 1992ರಲ್ಲಿ ಪಾತ್ರೆ ಬದಲಿಸುವಂತೆ ಹೇಳಿ ಕಾಯಿಲೆ ತಡೆಯುವ ಪ್ರಯತ್ನದ ವರದಿ ಬಂತು. ಇದೆಲ್ಲದರ ನಡುವೆ ಮೈಯ ತಾಮ್ರವನ್ನು ಹೊರಹಾಕಿಸುವ ಔಷಧವಾದ ಪೆನಿಸಿಲಮೈನ್ ಚಿಕಿತ್ಸೆಯ ಫಲಿತಾಂಶಗಳು.

ಇನ್ನು ಎಷ್ಟು ತಾಮ್ರ ಎಂಬ ಲೆಕ್ಕ. ಎದೆಹಾಲಿನಲ್ಲಿ ಲೀಟರಿಗೆ ಸುಮಾರು 0.25 ಮಿ.ಗ್ರಾಂ ತಾಮ್ರ ಎಂದಿಟ್ಟುಕೊಳ್ಳಿ. 5 ಕಿಲೊ ತೂಕದ ಕೂಸು ದಿನಕ್ಕೆ 750 ಮಿ.ಲೀ. ಕುಡಿದರೆ ಸಿಗುವುದು 190 ಮೈಕ್ರೋಗ್ರಾಂ, ಅಂದರೆ ಕಿಲೊ ತೂಕಕ್ಕೆ 40ರ ಆಸುಪಾಸು. ಹಸುವಿನ ಹಾಲಿನಲ್ಲಿ ಸ್ವತಃ ತಾಮ್ರ ಇದಕ್ಕಿಂತಲೂ ಕಡಿಮೆ. ಅದೇ ಹಸುವಿನ ಹಾಲು ಕಲಾಯಿ ಇಲ್ಲದ ಪಾತ್ರೆಯಲ್ಲಿದ್ದು ಲೀಟರಿಗೆ 3 ಮಿ.ಗ್ರಾಂ ತಾಮ್ರ ಹೀರಿತು ಅನ್ನೋಣ. 750 ಮಿ.ಲೀ.ನಲ್ಲಿ 2.25 ಮಿ.ಗ್ರಾಂ, ಕಿಲೊಗೆ 450 ಮೈಕ್ರೋಗ್ರಾಂ. ಹತ್ತು ಪಟ್ಟಿಗೂ ಹೆಚ್ಚು, ದಿನಾ, ತಿಂಗಳುಗಟ್ಟಲೆ.

ಮನೆಯವರಿಗೆ ಏಕೆ ಏನೂ ಆಗಲಿಲ್ಲ ಎಂಬುದರ ಅರ್ಧ ಉತ್ತರ ಇಲ್ಲೇ ಇದೆ. ದೊಡ್ಡವರು ಹಾಲನ್ನೇ ಉಂಡು ಬದುಕುವುದಿಲ್ಲ. ತೂಕಕ್ಕೆ ಹೋಲಿಸಿದರೆ ಅವರ ಪಾಲು ಚೂರು. ಉಳಿದರ್ಧ ಮಗುವಿನ ಲಿವರ್‌ನ ವಯಸ್ಸಿನಲ್ಲಿದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಭ್ರೂಣದ ಲಿವರ್ ಬೇಕೆಂದೇ ತಾಮ್ರ ಕೂಡಿಡುತ್ತದೆ. ಹುಟ್ಟಿದಾಗ ಅದು ದೊಡ್ಡವರ ಲಿವರ್‌ಗಿಂತ ಹಲವು ಪಟ್ಟು. ದೇಹ ಹೆಚ್ಚುವರಿ ತಾಮ್ರವನ್ನು ಹೊರಹಾಕುವ ದಾರಿ ಒಂದೇ, ಪಿತ್ತರಸ. ಮೂತ್ರದಲ್ಲಿ ಹೋಗುವುದು ಲೆಕ್ಕಕ್ಕಿಲ್ಲ. ಆ ದಾರಿ ಮೊದಲ ಕೆಲವು ತಿಂಗಳು ಇನ್ನೂ ಪಳಗಿರುವುದಿಲ್ಲ. ಉಗ್ರಾಣ ತುಂಬಿರುವಾಗ, ಹಿತ್ತಿಲ ಬಾಗಿಲು ಮುಚ್ಚಿರುವಾಗ, ಮುಂಬಾಗಿಲಿಂದ ಮೂಟೆ ಬಂದು ಬೀಳುತ್ತಿದ್ದರೆ ಏನಾದೀತು? ಅದಕ್ಕೇ ‘ಎಷ್ಟು ತಿಂಗಳಿಗೆ ಮೇಲುಹಾಲು ಶುರುವಾಯಿತು’ ಎಂಬ ಪ್ರಶ್ನೆಗೆ ಆ ಪ್ರಬಂಧಗಳಲ್ಲಿ ಅಷ್ಟು ತೂಕ.

ಅಂಗಾಂಶ

ಮೊದಲ ಪ್ರಶ್ನೆಗೆ ಸೂಕ್ಷ್ಮದರ್ಶಕದ ಸ್ಲೈಡಿನ ಕಡೆಯಿಂದ ಉತ್ತರ.

ಲಿವರ್‌ನಲ್ಲಿ ತಾಮ್ರ ಜಾಸ್ತಿ ಎಂದಮಾತ್ರಕ್ಕೆ ತಾಮ್ರವೇ ತಪ್ಪಿತಸ್ಥ ಅಲ್ಲ. ಪಿತ್ತ ಹರಿಯದ ಯಾವ ಕಾಯಿಲೆಯಲ್ಲೂ, ಉದಾಹರಣೆಗೆ ಕೂಸುಗಳ ಬಿಲಿಯರಿ ಅಟ್ರೇಸಿಯಾದಲ್ಲಿ (ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ), ತಾಮ್ರ ಏರುತ್ತದೆ. ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ಅಲ್ಲಿ ತಾಮ್ರ ಕೂರುವುದು ಮುಖ್ಯವಾಗಿ ಪೋರ್ಟಲ್ ಭಾಗದ (ರಕ್ತನಾಳ, ಪಿತ್ತನಾಳ ಒಟ್ಟಿಗಿರುವ ಜಾಗ) ಸುತ್ತಲಿನ ಕೋಶಗಳಲ್ಲಿ. ಐಸಿಸಿಯಲ್ಲಿ ತಾಮ್ರದ ಕಣ ತೋರಿಸುವ ಬಣ್ಣವಾದ ಓರ್ಸೀನ್ ಸ್ಟೇನ್ ಹಾಕಿದರೆ ಲಿವರ್ ಕೋಶಗಳ ಗುಂಪಾದ ಲೋಬ್ಯೂಲ್‌ನ ಉದ್ದಗಲಕ್ಕೂ ಕಂದು ಕಣಗಳು. ಪಿತ್ತ ಕಟ್ಟಿದ ಗುರುತು ಇನ್ನೂ ಕಾಣದ ಹಂತದ ಬಯಾಪ್ಸಿಯಲ್ಲೂ (ಪರೀಕ್ಷೆಗೆ ಸೂಜಿಯಿಂದ ತೆಗೆದ ಲಿವರ್ ತುಂಡು) ಅವು ಇರುತ್ತವೆ. ಪಿತ್ತ ಕಟ್ಟಿದ್ದರಿಂದ ತಾಮ್ರ ಬಂತು ಎಂಬ ವಾದಕ್ಕೆ ಇಲ್ಲಿ ಕಾಲು ನಿಲ್ಲುವುದಿಲ್ಲ.

ಪ್ರಮಾಣವೂ ನೋಡಬೇಕು. ಒಣತೂಕದ ಪ್ರತಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ. ವಿಲ್ಸನ್ ಕಾಯಿಲೆಗೆ (ಜೀನ್ ದೋಷದಿಂದ ಮೈಯಲ್ಲಿ ತಾಮ್ರ ಕಟ್ಟುವ ಕಾಯಿಲೆ) ಬಳಸುವ ಗಡಿ 250. ಐಸಿಸಿಯಲ್ಲಿ 800 ದಾಟಿ ಸಾವಿರಗಳಿಗೆ ಹೋಗುತ್ತದೆ. ಆದರೆ ವಿಲ್ಸನ್‌ನಲ್ಲಿ ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್ ಸಾಧಾರಣವಾಗಿ ಕಡಿಮೆ, ಐಸಿಸಿಯಲ್ಲಿ ಸಾಮಾನ್ಯ ಅಥವಾ ಜಾಸ್ತಿ. ವಿಲ್ಸನ್ ಮೂರು ವರ್ಷದೊಳಗೆ ಲಿವರ್ ಕಾಯಿಲೆಯಾಗಿ ಎದ್ದು ಕಾಣುವುದು ಅಪರೂಪ, ಐಸಿಸಿಗೆ ಅದೇ ವಯಸ್ಸು.

ಸ್ಲೈಡಿನಲ್ಲಿ ಉಳಿದ ಲಕ್ಷಣಗಳು: ಊದಿಕೊಂಡ ಕೋಶಗಳು, ಅವುಗಳಲ್ಲಿ ಮ್ಯಾಲರಿ ಹಯಲಿನ್ (ಪ್ರೋಟೀನಿನ ಮುದ್ದೆ), ಒಂದೊಂದೇ ಕೋಶವನ್ನು ಸುತ್ತುವರಿಯುವ ನಾರು, ಬಹಳ ಸಣ್ಣ ಗಂಟುಗಳು. ಮ್ಯಾಲರಿ ಹಯಲಿನ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕುಡುಕರ ಲಿವರ್. ಆದರೆ ಇಲ್ಲಿ ಕೊಬ್ಬು ಇರುವುದಿಲ್ಲ. ಲಿವರ್ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುವ ಪ್ರಯತ್ನವೂ ಇರುವುದಿಲ್ಲ. ಹಾನಿಯಾದ ಲಿವರ್ ಎದ್ದು ಬೆಳೆಯಬೇಕು. ಇದು ಸುಮ್ಮನೆ ಬಿದ್ದಿರುತ್ತದೆ. ಕಾಯಿಲೆ ಅಷ್ಟು ಬೇಗ ಕೊಲ್ಲುವುದಕ್ಕೆ ಇದೇ ದೊಡ್ಡ ಕಾರಣ.

ಹಳೆಯ ಪ್ರಬಂಧಗಳ ಅಂಕಿಗಳನ್ನು ಹೋಲಿಸುವಾಗ ಅಳತೆ ಎಲ್ಲಿ ಎಡವುತ್ತದೆ ಎಂಬುದೂ ಗೊತ್ತಿರಲಿ. ಒಂದು ಸೆಂ.ಮೀ.ಗಿಂತ ಚಿಕ್ಕ ಬಯಾಪ್ಸಿ ತುಂಡಿನಲ್ಲಿ ಒಣತೂಕ ಎಷ್ಟು ಕಡಿಮೆಯೆಂದರೆ, ತೂಕದಲ್ಲಿ ಆದ ಚೂರು ತಪ್ಪು ಉತ್ತರವನ್ನೇ ಅಲುಗಾಡಿಸುತ್ತದೆ. ಸಿರೋಸಿಸ್ ಆದ ಲಿವರ್‌ನಲ್ಲಿ ಒಂದು ಗಂಟಿನಲ್ಲಿ ತಾಮ್ರ ತುಂಬಿರುತ್ತದೆ, ಪಕ್ಕದ ನಾರಿನ ಪಟ್ಟಿಯಲ್ಲಿ ಏನೂ ಇರುವುದಿಲ್ಲ. ಸೂಜಿ ನಾರಿಗೆ ಹೋದರೆ ಅಂಕಿ ಸುಳ್ಳೇ ಕಡಿಮೆ. ತುಂಡನ್ನು ಹಾಕುವ ಡಬ್ಬಿ, ಅದನ್ನು ಹಿಡಿಯುವ ಚಿಮುಟ ತಾಮ್ರದ ಸೋಂಕಿಲ್ಲದಿರಬೇಕು, ಇಲ್ಲದಿದ್ದರೆ ಸುಳ್ಳೇ ಹೆಚ್ಚು. ಆರು ತಿಂಗಳೊಳಗಿನ ಮಗುವಿನಲ್ಲಿ 250ರ ಗಡಿ ಇಟ್ಟುಕೊಂಡು ತೀರ್ಪು ಕೊಡಲೇಬಾರದು, ಹುಟ್ಟಿನಿಂದ ಬಂದ ತಾಮ್ರ ಇನ್ನೂ ಇಳಿದಿರುವುದಿಲ್ಲ. ತಾಮ್ರಕ್ಕೆ ಹಾಕುವ ರೋಡನಿನ್ ಸ್ಟೇನ್ ಬರಲಿಲ್ಲ, ಆದ್ದರಿಂದ ತಾಮ್ರ ಇಲ್ಲ ಎನ್ನುವುದೂ ತಪ್ಪು. ಕೋಶದೊಳಗೆ ತಾಮ್ರ ಚದುರಿಕೊಂಡಿದ್ದರೆ ಸ್ಟೇನ್ ಹಿಡಿಯುವುದಿಲ್ಲ, ಕಣಗಳಾಗಿ ಗಟ್ಟಿಯಾದ ಮೇಲೆ ಹಿಡಿಯುತ್ತದೆ.

ಎರಡನೇ_ಓದು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಕೈಪಿಡಿಯಲ್ಲಿ ‘ಹಿತ್ತಾಳೆ ಪಾತ್ರೆಯಿಂದ ಸಿರೋಸಿಸ್ ಬರುತ್ತದೆ ಎಂದು ಸಾಬೀತಾಗಿದೆ’ ಎಂದು ಬರೆಯುವ ಮುಂಚೆ ಇಷ್ಟನ್ನು ಓದಿ.

1987ರ ಹೋಲಿಕೆ ಅಧ್ಯಯನ ಪೂರ್ತಿ ನಿಂತಿರುವುದು ತಾಯಂದಿರ ನೆನಪಿನ ಮೇಲೆ. ಮಗು ಕಾಯಿಲೆ ಬಿದ್ದ ತಾಯಿ ಒಂದೊಂದು ಪಾತ್ರೆಯನ್ನೂ ನೆನಪಿಸಿಕೊಂಡಾಳು. ಗಟ್ಟಿಮುಟ್ಟಾದ ಮಗುವಿನ ತಾಯಿಗೆ ‘ಯಾವುದೋ ಒಂದು ಪಾತ್ರೆ’. ಇನ್ನೊಂದು, ಆ ಕಾಲದಲ್ಲಿ ಹಿತ್ತಾಳೆ ಪಾತ್ರೆ, ಮನೆಯಲ್ಲೇ ಕರೆಯುವ ಹಸು, ಮಗುವಿಗೆ ಬೇಗ ಮೇಲುಹಾಲು, ಇವು ಮೂರೂ ಒಂದೇ ಬಗೆಯ ಮನೆಯಲ್ಲಿ ಒಟ್ಟಿಗೆ ಇರುತ್ತಿದ್ದವು: ಹಳ್ಳಿಯ, ತಕ್ಕಮಟ್ಟಿಗೆ ಅನುಕೂಲಸ್ಥ ಮನೆ. ತೀರಾ ಬಡವರ ಮನೆಯಲ್ಲಿ ಹಸುವೂ ಇಲ್ಲ, ಹಿತ್ತಾಳೆಯೂ ಇಲ್ಲ. ಯಾವುದರ ಫಲ ಯಾವುದು ಎಂದು ಬಿಡಿಸುವುದು ಸುಲಭವಲ್ಲ.

ಕಾಯಿಲೆ 1990ರ ಹೊತ್ತಿಗೆ ದೇಶದ ಬಹುಭಾಗದಲ್ಲಿ ಕಾಣದಂತಾಯಿತು ಎಂಬುದನ್ನು ಪುರಾವೆಯಾಗಿ ತೋರಿಸುತ್ತಾರೆ. ಸ್ಟೀಲ್ ಪಾತ್ರೆ ಮನೆಮನೆಗೆ ಬಂದದ್ದೂ ಆಗಲೇ, ನಿಜ. ಲಸಿಕೆ, ರಸ್ತೆ, ಪ್ಯಾಕೆಟ್ ಹಾಲು, ಹಾಲಿನಪುಡಿ ಬಂದದ್ದೂ ಆಗಲೇ.

ಕಠಿಣವಾದ ತಕರಾರು ಅಮೆರಿಕದಿಂದ ಬಂತು. ವಿಲ್ಸನ್ ಕಾಯಿಲೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಶೈನ್‌ಬರ್ಗ್ ಮತ್ತು ಸ್ಟರ್ನ್‌ಲೀಬ್ 1994ರಲ್ಲಿ ಮ್ಯಾಸಚೂಸೆಟ್ಸ್‌ನ ಮೂರು ಊರುಗಳ ಲೆಕ್ಕ ತೆಗೆದರು. ಅಲ್ಲಿನ ಕುಡಿಯುವ ನೀರಿನಲ್ಲಿ ಲೀಟರಿಗೆ 8 ಮಿ.ಗ್ರಾಂಗೂ ಹೆಚ್ಚು ತಾಮ್ರ ಕಂಡಿತ್ತು. ಆರು ವರ್ಷದೊಳಗಿನ ಮಕ್ಕಳ 64,000 ಮಗು-ವರ್ಷಗಳಲ್ಲಿ ಲಿವರ್ ಕಾಯಿಲೆಯಿಂದ ಒಂದು ಸಾವೂ ಇಲ್ಲ. ತಾಮ್ರ ಒಂದೇ ಸಾಕಾಗಿದ್ದರೆ ಅಲ್ಲಿ ಮಕ್ಕಳು ಉಳಿಯಬಾರದಿತ್ತು. ಆ ಲೆಕ್ಕಕ್ಕೂ ತೂತಿದೆ ಅನ್ನಿ: ಅಷ್ಟು ತಾಮ್ರ ಇರುವುದು ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರಿನಲ್ಲಿ, ನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಇಳಿಯುತ್ತದೆ. ಪ್ರತಿ ಮಗು ನಿಜಕ್ಕೂ ಎಷ್ಟು ಕುಡಿಯಿತು ಎಂದು ಯಾರೂ ಅಳೆದದ್ದಲ್ಲ.

ದೆಹಲಿಯಲ್ಲಿ ಈ ಕಾಯಿಲೆಯ ರೋಗಶಾಸ್ತ್ರವನ್ನು 1960ರ ದಶಕದಿಂದ ಅಧ್ಯಯನ ಮಾಡಿದ ಎನ್.ಸಿ. ನಾಯಕ್ ಕೂಡ ಆಹಾರದ ತಾಮ್ರವೇ ಮೂಲ ಎಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ. 2013ರಲ್ಲೂ ಅದನ್ನೇ ಬರೆದರು.

ಆದರೆ ಟಿರೋಲ್ ಕಥೆ ಟ್ಯಾನರ್ ಪರವಾಗಿದೆ, ಅದನ್ನೂ ಹೇಳದಿದ್ದರೆ ಅನ್ಯಾಯ. ಆಸ್ಟ್ರಿಯಾದ ಟಿರೋಲ್ ಕಣಿವೆಗಳಲ್ಲಿ 1900ರಿಂದ 1974ರವರೆಗೆ 138 ಕೂಸುಗಳು ಹೆಚ್ಚುಕಡಿಮೆ ಇದೇ ಕಾಯಿಲೆಯಿಂದ ಸತ್ತಿದ್ದನ್ನು ಮ್ಯೂಲರ್ ಮತ್ತು ಸಂಗಡಿಗರು 1996ರಲ್ಲಿ ದಾಖಲಿಸಿದರು. ಅಲ್ಲೂ ಹಸುವಿನ ಹಾಲನ್ನು ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಕಾಯಿಸುತ್ತಿದ್ದರು. ಆ ಪಾತ್ರೆ ಹೋದಮೇಲೆ ಕಾಯಿಲೆಯೂ ಹೋಯಿತು. ಭಾರತಕ್ಕೆ ಸಂಬಂಧವೇ ಇಲ್ಲದ ಜನ, ಅದೇ ಹಾಲು, ಅದೇ ಲೋಹ. ಆದರೆ ಅವರ ವಂಶಾವಳಿ ಬಿಡಿಸಿದಾಗ ಕಾಯಿಲೆ ಕೆಲವೇ ಕುಟುಂಬಗಳಲ್ಲಿ, ತಂದೆ ತಾಯಿ ಇಬ್ಬರಿಂದಲೂ ಬಂದ ದೋಷದ ರೀತಿಯಲ್ಲಿ ಹಂಚಿಕೊಂಡಿತ್ತು. ಹಾಗಾಗಿ ಮ್ಯೂಲರ್ ಅದನ್ನು ಪರಿಸರ ಮತ್ತು ವಂಶ ಎರಡೂ ಸೇರಿದ ಕಾಯಿಲೆ ಎಂದರು. ನಮ್ಮ ಐಸಿಸಿಯಲ್ಲೂ ಒಡಹುಟ್ಟಿದವರಲ್ಲಿ ಮರುಕಳಿಸುವುದು ಮೊದಲಿಂದ ಗೊತ್ತಿದ್ದ ಸಂಗತಿ. ನಿಮ್ಮ ಎರಡನೆಯ ಪ್ರಶ್ನೆಗೆ ಪಿತ್ತನಾಳ ಬಿಟ್ಟ ಭಾಗ ಇದು. ಎಲ್ಲರ ಮನೆಯಲ್ಲೂ ತಾಮ್ರ, ಕೆಲವರ ಮೈಯಲ್ಲಿ ಮಾತ್ರ ಅದನ್ನು ತಡೆಯಲಾಗದ ದೋಷ. ಅದು ವಿಲ್ಸನ್ ಕಾಯಿಲೆಯ ಎಟಿಪಿ7ಬಿ ಜೀನ್ ಇರಬಹುದೆಂದು ಟಿರೋಲ್ ಕುಟುಂಬಗಳಲ್ಲಿ ಹುಡುಕಿದರು. ಅಲ್ಲ ಎಂದು ಗೊತ್ತಾಯಿತು. ಬೆಡ್ಲಿಂಗ್ಟನ್ ಟೆರಿಯರ್ ನಾಯಿಗಳಲ್ಲಿ ತಾಮ್ರ ಕಟ್ಟುವಂತೆ ಮಾಡುವ ಜೀನ್ ಕೂಡ ಅಲ್ಲ.

ಪಿತ್ತನಾಳ

ಎರಡನೇ_ಓದು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಟ್ಯಾನರ್ ತಮ್ಮ ಊಹೆಯನ್ನು ತಾವೇ ಕೆಣಕಿದ್ದಾರೆ. ಇಲಿಗೆ ಬರೀ ತಾಮ್ರ ಹಾಕಿದರೆ ಲಿವರ್ ಕೆಲಕಾಲ ಕೆಟ್ಟು ಆಮೇಲೆ ಹೊಂದಿಕೊಳ್ಳುತ್ತದೆ, ಐಸಿಸಿಯಂಥದ್ದು ಬರುವುದಿಲ್ಲ. ಅದಕ್ಕೇ 1994ರಲ್ಲಿ ಅವರ ತಂಡ ತಾಮ್ರದ ಜೊತೆಗೆ ರೆಟ್ರೋರ್ಸಿನ್ ಎಂಬ ಸಸ್ಯವಿಷ ಕೊಟ್ಟು ನೋಡಿತು. ಎರಡೂ ಸೇರಿದಾಗ ಹಾನಿ ಒಂದೊಂದರದಕ್ಕಿಂತ ಬಹಳ ಹೆಚ್ಚು. ತಾಮ್ರದ ಮೇಲೆ ಎರಡನೆಯ ಪೆಟ್ಟೊಂದು ಬೇಕೇನೋ, ಅದು ಜೀನ್ ಇರಬಹುದು, ಸಸ್ಯವಿಷವೂ ಇರಬಹುದು ಎಂಬ ವಿಚಾರ ಅಲ್ಲಿಂದ. ಕಡಲಪಾಚಿ ತಿಂದು ಬದುಕುವ ಸ್ಕಾಟ್‌ಲೆಂಡಿನ ನಾರ್ತ್ ರೊನಾಲ್ಡ್‌ಸೇ ಕುರಿ ಇದಕ್ಕಿಂತ ಒಳ್ಳೆಯ ಮಾದರಿಯಾಯಿತು. ಪಾಚಿಯಲ್ಲಿ ದೇಹಕ್ಕೆ ಸಿಗುವ ತಾಮ್ರ ಅತಿ ಕಡಿಮೆಯಾದ್ದರಿಂದ ಆ ತಳಿ ಸಿಕ್ಕಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳಲು ಕಲಿತಿದೆ. ಹುಲ್ಲುಗಾವಲಿಗೆ ಬಿಟ್ಟರೆ ಅದೇ ಗುಣ ಅದಕ್ಕೆ ವಿಷವಾಗುತ್ತದೆ.

ಇನ್ನೊಂದು ಪುರಾವೆ ಚಿಕಿತ್ಸೆಯದು. ಪೆನಿಸಿಲಮೈನ್ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ. ಕೊಟ್ಟಿದ್ದು ದಿನಕ್ಕೆ ಕಿಲೊ ತೂಕಕ್ಕೆ 20 ಮಿ.ಗ್ರಾಂ ಲೆಕ್ಕದಲ್ಲಿ. ಕಾಮಾಲೆ, ಹೊಟ್ಟೆನೀರು ಬಂದಮೇಲೆ ಶುರುಮಾಡಿದವರಿಗೆ ಹೆಚ್ಚೇನೂ ಗುಣವಾಗಲಿಲ್ಲ. ಅದಕ್ಕೂ ಮುಂಚೆ ಶುರುಮಾಡಿದವರಲ್ಲಿ ಬದುಕುಳಿದವರು ಹೆಚ್ಚಾದರು. 1996ರ ಪ್ರಬಂಧದಲ್ಲಿ ದೀರ್ಘಕಾಲ ಉಳಿದ 29 ಮಕ್ಕಳ ವಿವರವಿದೆ. ಸರಣಿ ಬಯಾಪ್ಸಿಗಳಲ್ಲಿ ಐಸಿಸಿಯ ಚಿತ್ರ ಮೆಲ್ಲಗೆ ಅಳಿಸಿ, ನಿಷ್ಕ್ರಿಯ ಸಿರೋಸಿಸ್ ಆಗಿ, ಕೆಲವರಲ್ಲಿ ಬಹುತೇಕ ಸಾಮಾನ್ಯ ಲಿವರ್‌ವರೆಗೂ ಬಂದಿತ್ತು. ಹೆಚ್ಚಿನವರಿಗೆ ಔಷಧ ನಿಲ್ಲಿಸಿದ ಮೇಲೂ ಕಾಯಿಲೆ ಮರಳಲಿಲ್ಲ. ವಿಲ್ಸನ್ ಆಗಿದ್ದರೆ ನಿಲ್ಲಿಸುವ ಹಾಗೇ ಇರಲಿಲ್ಲ, ಜೀವನಪರ್ಯಂತ ಬೇಕು. ಒಳಬರುವ ತಾಮ್ರ ನಿಂತು, ಕೂತಿದ್ದು ಖಾಲಿಯಾಗಿ, ಮತ್ತೆ ತುಂಬಲಿಲ್ಲ ಎಂದರೆ ಅದು ಹೊರಗಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ನೇರವಾದ ಸೂಚನೆ ಇನ್ನೊಂದಿಲ್ಲ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಗಟ್ಟಿ ಪ್ರಬಂಧ ಅದೇ, 1983ರದ್ದಲ್ಲ.

(ಕೈಪಿಡಿಯಲ್ಲಿ ಔಷಧದ ಹೆಸರು ಹಾಕಬೇಡಿ. ಖಾಲಿ ಹೊಟ್ಟೆಗೆ ಕೊಡಬೇಕು, ಜೊತೆಗೆ ಪಿರಿಡಾಕ್ಸಿನ್ ಬೇಕು, ಮೂತ್ರದ ಪ್ರೋಟೀನ್, ಬಿಳಿಕಣ, ಪ್ಲೇಟ್‌ಲೆಟ್ ಮೇಲೆ ಕಣ್ಣಿಡಬೇಕು. ಅದು ಆಸ್ಪತ್ರೆಯ ಕೆಲಸ.)

ಕಂಚುಗಾರ

ಪಾತ್ರೆಯ ವಿಚಾರಕ್ಕೆ ಬರೋಣ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು, ಪಾತ್ರೆಯ ಹಿತ್ತಾಳೆಯಲ್ಲಿ ತಾಮ್ರವೇ ಸುಮಾರು 60ರಿಂದ 70 ಭಾಗ. ಕಂಚು ತಾಮ್ರ ಮತ್ತು ತವರ. ಮೂರರಲ್ಲೂ ತಾಮ್ರವೇ ಯಜಮಾನ. ‘ನಮ್ಮದು ತಾಮ್ರ ಅಲ್ಲ, ಹಿತ್ತಾಳೆ’ ಎನ್ನುವ ಮಾತಿಗೆ ಅರ್ಥವಿಲ್ಲ.

ತಾಮ್ರ ಇಳಿಯುವುದಕ್ಕೆ ಬೇಕಾದ್ದು ಹುಳಿ, ಶಾಖ, ಸಮಯ, ಗಾಳಿ. ಹಸಿ ಹಾಲಿನ ಪಿಎಚ್ 6.6–6.7, ಮಜ್ಜಿಗೆಯಷ್ಟು ಹುಳಿ ಅಲ್ಲ. ಹಾಗಿದ್ದರೂ ಹಾಲು ತಾಮ್ರವನ್ನು ಚೆನ್ನಾಗಿ ಎಳೆಯುತ್ತದೆ, ಯಾಕೆಂದರೆ ಅದರ ಕೇಸೀನ್ ಪ್ರೋಟೀನ್ ಬಿಡುಗಡೆಯಾದ ತಾಮ್ರವನ್ನು ಕೂಡಲೇ ಹಿಡಿದುಕೊಳ್ಳುತ್ತದೆ. ದ್ರವದಲ್ಲಿ ಬಿಡಿ ತಾಮ್ರ ಉಳಿಯದ್ದರಿಂದ ಲೋಹ ಇನ್ನಷ್ಟು ಬಿಟ್ಟುಕೊಡುತ್ತಲೇ ಇರುತ್ತದೆ. ಮೋಸವೂ ಅಲ್ಲೇ ಇರುವುದು. ನೀರಿನಲ್ಲಿ ಲೀಟರಿಗೆ ಮೂರ್ನಾಲ್ಕು ಮಿ.ಗ್ರಾಂ ತಾಮ್ರವಿದ್ದರೆ ಬಾಯಿಗೆ ಕಹಿ, ಒಗರು ತಿಳಿಯುತ್ತದೆ. ಹಾಲಿನಲ್ಲಿ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಹಸಿರು ಕಿಲುಬು ಕಾಣಲಿಲ್ಲ, ಆದ್ದರಿಂದ ಹಾಲು ಚೆನ್ನಾಗಿದೆ ಎಂದು ತಿಳಿಯಬಾರದು.

ಎಲ್ಲಕ್ಕಿಂತ ಕೆಟ್ಟ ಪದ್ಧತಿ ಯಾವುದೆಂದರೆ ಬೆಳಿಗ್ಗೆ ಕಾಯಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು, ಮಗು ಅತ್ತಾಗಲೆಲ್ಲ ಮತ್ತೆ ಬಿಸಿಮಾಡಿ ಕೊಡುವುದು. ಸಂಜೆಯ ಹೊತ್ತಿಗೆ ಉಳಿದ ಹಾಲು ಕಡಿಮೆ, ಪಾತ್ರೆ ತಾಗಿದ ಸಮಯ ಹೆಚ್ಚು, ಸ್ವಲ್ಪ ಹುಳಿಯೂ ತಿರುಗಿರುತ್ತದೆ.

ಕಲಾಯಿ ಸಾಕೇ? ಚೆನ್ನಾಗಿ ಹಾಕಿದ, ಸವೆಯದ, ಶುದ್ಧ ತವರದ ಕಲಾಯಿ ತಾಮ್ರವನ್ನು ತಡೆಯುತ್ತದೆ. ಈ ಮೂರು ವಿಶೇಷಣಗಳಲ್ಲಿ ಒಂದೊಂದೂ ಕೈಕೊಡಬಹುದು.

ಹಾಕುವ ಕ್ರಮ ಹೀಗೆ: ಪಾತ್ರೆಯ ಒಳಮೈಯ ಎಣ್ಣೆ, ಕಿಲುಬು ಎಲ್ಲ ಹೋಗುವಂತೆ ತಿಕ್ಕಿ ತೊಳೆದು, ಇದ್ದಿಲ ಬೆಂಕಿಯ ಮೇಲೆ ತಿದಿ ಊದಿ ಕಾಯಿಸುತ್ತಾರೆ. ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಏಳುತ್ತದೆ. ನವಸಾಗರ ಬಿಸಿಗೆ ಒಡೆದು ಹೊರಬರುವ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕಿತ್ತುಹಾಕುತ್ತದೆ. ಆ ಕ್ಷಣದಲ್ಲೇ ತವರದ ಕಡ್ಡಿ ತಾಗಿಸಿ, ಅರಳೆಯಿಂದ ಅಥವಾ ಬಟ್ಟೆಯಿಂದ ಬೇಗಬೇಗ ಸವರಬೇಕು. ಎಣ್ಣೆ ಉಳಿದಿದ್ದ ಕಡೆ ತವರ ಹಿಡಿಯದೆ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಕಾವು ಕಡಿಮೆಯಾದರೆ ಗಂಟು ಗಂಟು, ಹೆಚ್ಚಾದರೆ ತವರ ಸುಟ್ಟು ಹಳದಿ.

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಲು ಇರುವಷ್ಟು ಹೊತ್ತು ಪಾತ್ರೆ 100ರ ಆಸುಪಾಸಿನಲ್ಲೇ ಇರುತ್ತದೆ, ತೊಂದರೆಯಿಲ್ಲ. ಖಾಲಿ ಪಾತ್ರೆಯನ್ನು ಗ್ಯಾಸಿನ ಮೇಲೆ ಮರೆತರೆ, ಒಗ್ಗರಣೆಗೆ ಬಳಸಿದರೆ ತಳದ ಕಲಾಯಿ ಕರಗಿ ಓರೆಗೆ ಸರಿಯುತ್ತದೆ. ತೆಂಗಿನ ನಾರು, ಬೂದಿ, ಹುಣಸೆಹುಳಿ ಹಾಕಿ ತಿಕ್ಕಿದರೂ ಬೇಗ ಸವೆಯುತ್ತದೆ. ಬೆಳ್ಳಗಿದ್ದ ತಳದಲ್ಲಿ ಹಳದಿ ಅಥವಾ ಕೆಂಪು ಛಾಯೆ ಕಂಡರೆ ಕಲಾಯಿ ಹೋಯಿತು ಎಂದೇ ಅರ್ಥ. ದಿನಬಳಕೆಯ ಪಾತ್ರೆಗೆ ವರ್ಷಕ್ಕೆ ಎರಡು ಮೂರು ಸಲವಾದರೂ ಮತ್ತೆ ಹಾಕಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಭಯ ಸೀಸದ್ದು. ತವರ ದುಬಾರಿ, ಸೀಸ ಅಗ್ಗ. ಬೆರೆಸಿದರೆ ಕರಗುವ ಬಿಂದುವೂ ಇಳಿದು (ತಕ್ಕ ಪ್ರಮಾಣದಲ್ಲಿ 183 ಡಿಗ್ರಿಗೆ) ಸವರುವುದು ಸಲೀಸು. ಬೆಸುಗೆ ಹಾಕುವ ಕಡ್ಡಿಯಿಂದಲೇ ಕಲಾಯಿ ಹಾಕಿದರೆ ಮಗುವಿನ ಹಾಲಿಗೆ ತಾಮ್ರದ ಬದಲು ಸೀಸ. ಶುದ್ಧ ತವರದ ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರೆ ಕಿರ್ ಎಂದು ಸಣ್ಣಗೆ ಕಿರುಗುಟ್ಟುತ್ತದೆ, ಸೀಸ ಸುಮ್ಮನೆ ಬಾಗುತ್ತದೆ. ಇದು ಕಡ್ಡಿಗೆ ಒಂದು ಅಂದಾಜು. ಹಾಕಿಯಾದ ಕಲಾಯಿಯಲ್ಲಿ ಸೀಸ ಇದೆಯೋ ಇಲ್ಲವೋ ಎಂದು ಕಣ್ಣಿಂದ ಹೇಳಲು ಆಗದು. ಆದ್ದರಿಂದ ಕೂಸಿನ ಹಾಲಿಗೆ ಕಲಾಯಿ ಪಾತ್ರೆಯನ್ನೂ ಸೇರಿಸಿ ಬೇಡ ಎನ್ನಿ. ಸ್ಟೀಲ್ ಸಾಕು.

ಮರೆತುಹೋಗುವ ಎರಡು ವಸ್ತು: ಒಂದು ಒಳಲೆ (ಕೂಸಿಗೆ ಹಾಲು ಹಾಕುವ ಮೂತಿಯ ಪುಟ್ಟ ಪಾತ್ರೆ). ಹಿತ್ತಾಳೆ ಒಳಲೆಯಲ್ಲಿ ಹಾಲು ಇರುವುದು ಐದು ನಿಮಿಷ, ಅದರಿಂದ ಹೆಚ್ಚು ತಾಮ್ರ ಬರದು, ಆದರೆ ಮೂತಿಯೊಳಗೆ ಕಟ್ಟಿದ ಕಿಲುಬು ಕೈಗೆ ಸಿಗುವುದಿಲ್ಲ. ಇನ್ನೊಂದು ಬಚ್ಚಲ ತಾಮ್ರದ ಹಂಡೆ. ಅದರ ಬಿಸಿನೀರಿನಲ್ಲಿ ಹಾಲಿನಪುಡಿ ಕದಡಲೇಬಾರದು. ಜರ್ಮನಿಯಲ್ಲಿ 1980ರ ದಶಕದಲ್ಲಿ ಕೂಸುಗಳಿಗೆ ಇದೇ ತರಹದ ಸಿರೋಸಿಸ್ ಬಂದಾಗ ಸಿಕ್ಕ ಮೂಲ ಪಾತ್ರೆಯಲ್ಲ. ಖಾಸಗಿ ಬಾವಿಯ ಆಮ್ಲೀಯ ನೀರು ತಾಮ್ರದ ಕೊಳವೆಯಲ್ಲಿ ಹಾದು ಬಂದು ಅದರಲ್ಲಿ ಹಾಲಿನಪುಡಿ ಕಲಸಿದ್ದು. ನಮ್ಮ ಕರಾವಳಿ, ಮಲೆನಾಡಿನ ಮುರಕಲ್ಲು ನೆಲದ ಬಾವಿ ನೀರೂ ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯವೇ. ರಾತ್ರಿಯಿಡೀ ಹಂಡೆಯಲ್ಲಿ ಬೆಚ್ಚಗೆ ಕೂತ ಆ ನೀರು ಏನೇನು ತಂದೀತು, ಯೋಚಿಸಿ.

ಎರಡನೇ_ಓದು

ಚೊಂಬಿನ ನೀರಿಗೆ ಉತ್ತರ ಬಾಕಿ ಉಳಿದಿದೆ. ಅದು ಬೇರೆಯೇ ವಿಷಯ, ಬೆರೆಸಬೇಡಿ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವಿದೆ: ಭೇದಿಯ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಬೆಳೆಸಲು ಸಿಗದಂತಾದವು, ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿ.ಗ್ರಾಂ, ನಮ್ಮ ಬಿಐಎಸ್ ಮಾನದಂಡದಲ್ಲಿ ಬೇರೆ ನೀರು ಸಿಗದಾಗಿನ ಗರಿಷ್ಠ ಮಿತಿ 1.5. ಮಾಮೂಲಿ ನೀರು, ಒಂದು ರಾತ್ರಿ, ದೊಡ್ಡವರು: ಚಿಂತೆಯಿಲ್ಲ. ಅದೇ ಚೊಂಬಿಗೆ ನಿಂಬೆರಸ, ಮಜ್ಜಿಗೆ ಹಾಕಿದರೆ ಆ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ವಿಲ್ಸನ್ ಕಾಯಿಲೆ ಇದ್ದವರಿಗೆ ಕೂಡದು.

ಅಂಕಣಬರಹ

ಎಲ್ಲರಿಗೂ ಧನ್ಯವಾದ. ಕೈಪಿಡಿಗೆ ಹೀಗೆ ಬರೆದಿದ್ದೇನೆ, ತಿದ್ದಿ:

‘ಒಂದು ವರ್ಷದೊಳಗಿನ ಮಗುವಿನ ಹಾಲನ್ನು ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಯಲ್ಲಿ ಕಾಯಿಸಬೇಡಿ, ಇಡಬೇಡಿ. ಕಲಾಯಿ ಇದ್ದರೂ ಬೇಡ. ಪಾತ್ರೆಯಿಂದ ಹಾಲಿಗೆ ಇಳಿಯುವ ತಾಮ್ರ ಕಣ್ಣಿಗೂ ನಾಲಿಗೆಗೂ ತಿಳಿಯುವುದಿಲ್ಲ. ಎಳೆಯ ಲಿವರ್ ಅದನ್ನು ಹೊರಹಾಕಲಾರದು. ಕೆಲವು ಮಕ್ಕಳಲ್ಲಿ ಇದರಿಂದ ಲಿವರ್ ಗಟ್ಟಿಯಾಗುವ ಮಾರಕ ಕಾಯಿಲೆ ಬರುತ್ತದೆ.’

ಪಿತ್ತನಾಳ

ಮೂರು ತಿದ್ದುಪಡಿ. ‘ಬರುತ್ತದೆ’ ಅಲ್ಲ, ‘ಬರಬಹುದು’. ಎರಡನೇ_ಓದು ಅಷ್ಟು ಹೇಳಿದಮೇಲೆ ಅದೊಂದು ಅಕ್ಷರಕ್ಕೆ ಬೆಲೆ ಇದೆ. ‘ಒಂದು ವರ್ಷದೊಳಗಿನ’ ಎಂಬಲ್ಲಿ ‘ಎರಡು ವರ್ಷದೊಳಗಿನ’ ಎನ್ನಿ, ಅದರಿಂದ ನಷ್ಟವೇನಿಲ್ಲ.

ಮೂರನೆಯದು ಜಾಗದ ವಿಚಾರ. ಈ ಸಾಲುಗಳಿಗಿಂತ ಮೇಲೆ, ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂಬುದು ಬರಬೇಕು. ಪಾತ್ರೆಯ ಸಾಲು ಮೊದಲು ಬಂದರೆ, ಸ್ಟೀಲ್ ಪಾತ್ರೆ ಇದ್ದರೆ ಮೂರು ತಿಂಗಳಿಗೇ ಹಸುವಿನ ಹಾಲು ಹಾಕಬಹುದು ಎಂದು ಓದಿಕೊಳ್ಳುತ್ತಾರೆ.

ಅಂಗಾಂಶ

ಕಾರ್ಯಕರ್ತೆಯರಿಗೆ ಇನ್ನೊಂದು ಸಾಲು ಬೇಕು: ಕಾಮಾಲೆ ಇಲ್ಲದಿದ್ದರೂ, ಮೂರು ವರ್ಷದೊಳಗಿನ ಮಗುವಿನ ಹೊಟ್ಟೆ ಉಬ್ಬಿದ್ದು, ಬಲಪಕ್ಕೆಯ ಕೆಳಗೆ ಗಟ್ಟಿಯಾಗಿ ಕೈಗೆ ಸಿಕ್ಕರೆ ಅದೇ ವಾರ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿ. ಕಾಯಿಲೆ ಈಗ ಅಪರೂಪ, ಅಲ್ಲಲ್ಲಿ ಒಂದೊಂದು ಇನ್ನೂ ಬರುತ್ತದೆ. ಹಳದಿ ಕಾಣಲಿ ಎಂದು ಕಾದರೆ ಔಷಧ ಕೆಲಸ ಮಾಡುವ ಹಂತ ಕಳೆದಿರುತ್ತದೆ.